ಎರಡನೇ ಬೋಟು ಕಡಲಿಗಿಳಿದ ದಿನ

ನಾನು ಬೋಟ್ ಕಮಾಂಡರ್ ಆದದ್ದು ಊರಿನ ದೆಸೆಯಿಂದ. ಶ್ರೀರಂಗಪಟ್ಟಣದಲ್ಲಿ ಹುಟ್ಟಿದ್ದೆ ಎಂಬುದನ್ನು ಬಿಟ್ಟರೆ ಆ ಹುದ್ದೆಗೆ ಬೇಕಾದ ಬೇರೆ ಅರ್ಹತೆ ನನ್ನಲ್ಲಿ ಏನೂ ಇರಲಿಲ್ಲ.

ನಮ್ಮದು ಮರಗೆಲಸದ ಮನೆ. ಅಪ್ಪ ಬಾಗಿಲು, ಕಿಟಕಿ, ಮಂಚ ಮಾಡಿದವರೇ ಹೊರತು ದೋಣಿ ಮಾಡಿದವರಲ್ಲ. ಊರನ್ನು ಕಾವೇರಿ ಸುತ್ತಿಕೊಂಡಿದ್ದರೂ ನಮ್ಮದು ದ್ವೀಪ ಅನ್ನುವುದು ನಮಗೆ ನೆನಪಾಗುತ್ತಿದ್ದದ್ದು ಬಸ್ಸು ಸೇತುವೆಯ ಮೇಲೆ ಹೋಗುವಾಗ, ಕಿಟಕಿ ಪಕ್ಕದ ಹೆಂಗಸರು ಹೊಳೆಗೆ ಕೈಮುಗಿದಾಗ ಮಾತ್ರ. ಅವ್ವನಿಗೆ ನೀರೆಂದರೆ ಭಯ. ಸ್ನಾನಘಟ್ಟದ ಮೂರನೇ ಮೆಟ್ಟಿಲೇ ನನ್ನ ಗಡಿ. ನಾಲ್ಕನೆಯದಕ್ಕೆ ಕಾಲಿಟ್ಟರೆ ಅವಳು ದಡದಿಂದಲೇ, "ಮೇಲಕ್ ಬತ್ತೀಯೋ, ನಾನೇ ಬರ್ಲೋ?" ಎಂದು ಕೂಗುತ್ತಿದ್ದಳು. ಅವಳು ಬರುವುದಕ್ಕಿಂತ ನಾನು ಹೋಗುವುದೇ ವಾಸಿ ಎಂದು ಹತ್ತಿಬಿಡುತ್ತಿದ್ದೆ. ಹೀಗಾಗಿ ನಾನು ಈಜು ಕಲಿಯಲೇ ಇಲ್ಲ.

ಐ.ಟಿ.ಐ. ಮುಗಿಸಿ ಫಿಟ್ಟರ್ ಆದೆ. ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದ ಮೇಲೆ ಕಡಲಿನೊಳಗೆ ಗ್ಯಾಸು ತೆಗೆಯುವ ಒಂದು ಪ್ಲಾಟ್‌ಫಾರ್ಮಿನಲ್ಲಿ ಕೆಲಸ ಸಿಕ್ಕಿತು. ಮುಂಬಯಿಯಿಂದ ಹೆಲಿಕಾಪ್ಟರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಉಕ್ಕಿನ ಕಾಲುಗಳ ಮೇಲೆ ನಿಂತ ಮೂರು ಅಂತಸ್ತಿನ ಕಾರ್ಖಾನೆ ಅದು. ಎರಡು ವಾರ ಅಲ್ಲಿ, ಎರಡು ವಾರ ಮನೆಯಲ್ಲಿ. ಮನೆ ಎಂದರೆ ಪಾಂಡವಪುರದಲ್ಲಿ. ನನ್ನ ಹೆಂಡತಿ ಅಲ್ಲಿನ ಒಂದು ಶಾಲೆಯಲ್ಲಿ ಮೇಡಂ. ಬೀದಿಯವರಿಗೆ 'ಪ್ಲಾಟ್‌ಫಾರ್ಮಿನಲ್ಲಿ ಕೆಲಸ' ಎಂದು ಹೇಳಿದ್ದರಿಂದ ಅವರು ನನ್ನನ್ನು ರೈಲ್ವೆಯವನು ಎಂದುಕೊಂಡಿದ್ದರು. ಮೈಸೂರು ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಬರುತ್ತಿದ್ದರು. ನಾನೂ ಫೋನಿನಲ್ಲಿ ನೋಡಿ ಹೇಳುತ್ತಿದ್ದೆ.

ಕೆಲಸಕ್ಕೆ ಸೇರುವಾಗ ಸಂದರ್ಶನದಲ್ಲಿ, "ನೀರಿನ ಭಯ ಇದೆಯೇ?" ಎಂದು ಕೇಳಿದ್ದರು. "ಇಲ್ಲ ಸಾರ್, ನಮ್ಮೂರೇ ದ್ವೀಪ" ಎಂದಿದ್ದೆ. ಆ ಮಾತನ್ನು ಯಾರೋ ನನ್ನ ಫೈಲಿನಲ್ಲಿ ಬರೆದಿಟ್ಟಿದ್ದಾರೆ ಎಂದು ಗೊತ್ತಾದದ್ದು ನಾಲ್ಕು ವರ್ಷದ ನಂತರ. ಎರಡನೇ ಲೈಫ್‌ಬೋಟಿನ ಕಮಾಂಡರಿಗೆ ವರ್ಗವಾಗಿ ಜಾಗ ಖಾಲಿಯಾಗಿತ್ತು. ಪ್ಲಾಟ್‌ಫಾರ್ಮಿನ ಮುಖ್ಯಸ್ಥರು ನನ್ನನ್ನು ಕರೆಸಿದರು. ಅವರು ಉತ್ತರ ಭಾರತದ ಕಡೆಯವರು, ಗಟ್ಟಿ ದನಿಯ ಮನುಷ್ಯ.

"ನೀನು ದ್ವೀಪದವನಂತೆ. ಶಾಲೆಗೆಲ್ಲ ದೋಣಿಯಲ್ಲೇ ಹೋಗಿರಬೇಕು" ಎಂದರು.

"ಇಲ್ಲ ಸಾರ್, ನಡಕೊಂಡು ಹೋಗ್ತಿದ್ದೆ."

ಅದನ್ನು ಅವರು ವಿನಯ ಎಂದು ತಿಳಿದರು. ಮುಂದಿನ ತಿಂಗಳು ನನ್ನನ್ನು ಒಂದು ವಾರದ ತರಬೇತಿಗೆ ಕಳಿಸಿದರು. ದಿನದ ಫಿಟ್ಟರ್ ಕೆಲಸ ಹಾಗೇ ಇತ್ತು, ಆಪತ್ತಿನ ಹೊತ್ತಿಗೆ ಮಾತ್ರ ನಾನು ಕಮಾಂಡರ್.

ಲೈಫ್‌ಬೋಟು ಎಂದರೆ ಹುಟ್ಟು ಹಾಕುವ ದೋಣಿಯಲ್ಲ. ಕಿತ್ತಳೆ ಬಣ್ಣದ, ಮೇಲೆ ಪೂರ್ತಿ ಮುಚ್ಚಿದ, ಎಂಜಿನ್ ಇರುವ ಒಂದು ದೊಡ್ಡ ಡಬ್ಬಿ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಎರಡು ಉಕ್ಕಿನ ಹಗ್ಗಕ್ಕೆ ನೇತುಬಿದ್ದಿರುತ್ತದೆ. ಕೆಳಗೆ ಏಳೆಂಟು ಅಂತಸ್ತಿನಷ್ಟು ಬಯಲು, ಅದರ ಕೆಳಗೆ ಕಡಲು. ಜನ ಒಳಗೆ ಹೋಗಿ ಎದುರುಬದುರಾಗಿ ಕೂತು ಬೆಲ್ಟು ಬಿಗಿದುಕೊಳ್ಳಬೇಕು. ಕಮಾಂಡರಿಗೆ ಮಾತ್ರ ಎತ್ತರದ ಸೀಟು. ಅವನ ತಲೆ ಬೋಟಿನ ನೆತ್ತಿಯ ಮೇಲಿನ ಗಾಜಿನ ಗೂಡಿನೊಳಗೆ ಇರುತ್ತದೆ. ಅಲ್ಲಿ ಒಂದು ತಂತಿ. ಎಳೆದು ಹಿಡಿದರೆ ಬೋಟು ಇಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ನೀರು ಮುಟ್ಟಿದ ಮೇಲೆ ಒಂದು ಹಿಡಿಕೆ ಎತ್ತಿದರೆ ಕೊಕ್ಕೆ ಕಳಚಿಕೊಳ್ಳುತ್ತದೆ. ಕೆಳಗೆ ಕೂತವರಿಗೆ ಕಮಾಂಡರನ ಮುಖ ಕಾಣುವುದಿಲ್ಲ. ನನ್ನ ಬೋಟಿನ ಜನಕ್ಕೆ ನಾನು ಅಂದರೆ ಎರಡು ಪಾದ.

ತರಬೇತಿ ಕೊಟ್ಟ ಮುದುಕರು ಕೊನೆಯ ದಿನ ಒಂದು ಮಾತು ಹೇಳಿದ್ದರು: "ಕಮಾಂಡರನ ಮನಸ್ಸಿನಲ್ಲಿ ಅನುಮಾನ ಇದ್ದರೆ ತೊಂದರೆಯಿಲ್ಲ, ದನಿಯಲ್ಲಿ ಇರಬಾರದು." ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಳಗೆ ಗೆರೆಯನ್ನೂ ಎಳೆದೆ.

ಆ ದಿನ ಬೆಳಗ್ಗೆ ನನ್ನ ಬೋಟಿನಲ್ಲಿ ತಪಾಸಣೆ ನಡೆಯುತ್ತಿತ್ತು. ಹಿಂದಿನ ದಿನವಷ್ಟೇ ಹೆಲಿಕಾಪ್ಟರಿನಲ್ಲಿ ಒಬ್ಬ ತಪಾಸಣೆ ಸಾಹೇಬರು ಬಂದಿದ್ದರು. ಭಾರೀ ಆಳು. ಎದೆಗೆ ರಟ್ಟಿನ ಹಲಗೆ ಒತ್ತಿಕೊಂಡು, ಅದರ ಮೇಲಿನ ಪಟ್ಟಿಯನ್ನು ಒಂದೊಂದಾಗಿ ಟಿಕ್ ಮಾಡುತ್ತಿದ್ದರು. ಒಂದು ಕಡೆ ಪೆನ್ನು ನಿಂತಿತು.

"ಡಬ್ಬಿ ತೆರೆಯುವ ಚಾಕು ಮೂರು ಇರಬೇಕು. ಎರಡೇ ಇವೆ."

"ಸಾರ್, ಈಗ ಡಬ್ಬಿ ಇಡೋದೇ ಇಲ್ಲ. ಬಿಸ್ಕತ್ತು, ನೀರು ಎಲ್ಲ ಪೊಟ್ಟಣದಲ್ಲೇ ಬರ್ತದೆ."

"ಡಬ್ಬಿಯದು ಬೇರೆ ಕಾಲಂ" ಎಂದು ಅವರು ಅಡ್ಡಗೀಟು ಹಾಕಿದರು.

ಮೂರನೇ ಚಾಕು ಸೀಟಿನ ಕೆಳಗೆ ಬಿದ್ದಿರಬಹುದೇ ಎಂದು ನಾನು ಬಗ್ಗಿದಾಗಲೇ ಸೈರನ್ ಹೊಡೆದುಕೊಂಡಿತು. ಅಭ್ಯಾಸದ ಸೈರನ್ ಭಾನುವಾರ ಹೊಡೆಯುತ್ತದೆ. ಅವತ್ತು ಬುಧವಾರ.

ಗ್ಯಾಸಿನ ವಾಸನೆ ನನಗೇ ಬಂತು. ಅಷ್ಟರಲ್ಲಿ ಮೇಲಿನವರು ನಿಯಮದಂತೆ ಪೈಪುಗಳಲ್ಲಿದ್ದ ಗ್ಯಾಸನ್ನೆಲ್ಲ ಕೊಳವೆಯಿಂದ ಆಕಾಶಕ್ಕೆ ಬಿಡತೊಡಗಿದರು. ಆ ಸದ್ದನ್ನು ಹೇಗೆ ಹೇಳಲಿ! ಸಕ್ಕರೆ ಕಾರ್ಖಾನೆ ತನ್ನ ಹಬೆಯನ್ನೆಲ್ಲ ನಿಮ್ಮ ಕಿವಿಯೊಳಕ್ಕೇ ಊದಿದ ಹಾಗೆ. ಜನ ಜಾಕೆಟ್ ತೊಟ್ಟು ಓಡಿ ಬಂದರು. ನನ್ನ ಪಟ್ಟಿಯಲ್ಲಿ ನಾನೂ ಸೇರಿ ಇಪ್ಪತ್ತೇಳು ಹೆಸರು. ಎಲ್ಲರೂ ಬಂದ ಮೇಲೆ ಎಣಿಸಿದರೆ ಇಪ್ಪತ್ತೆಂಟು. ಮತ್ತೆ ಎಣಿಸಿದೆ. ಆಮೇಲೆ ಹೊಳೆಯಿತು, ತಪಾಸಣೆ ಸಾಹೇಬರು ಇನ್ನೂ ಒಳಗೇ ಇದ್ದರು. ಅತಿಥಿಗಳದು ಒಂದನೇ ಬೋಟು. ಆದರೆ ಅವರು ಆಗಲೇ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದರು. ಆ ಬೆಲ್ಟು ಅವರನ್ನು ಸುತ್ತಿ ಬರಲು ಇಬ್ಬರು ಎಳೆಯಬೇಕಾಯಿತು.

ಎಲ್ಲರಿಗಿಂತ ಕೊನೆಗೆ ಬಂದಿದ್ದವರು ಅಡುಗೆಯವರು. ಕೆ.ಆರ್. ಪೇಟೆ ತಾಲ್ಲೂಕು, ಗೋವಿಂದನಹಳ್ಳಿ ಹತ್ತಿರದ ಊರಿನವರು. ಇಡೀ ಪ್ಲಾಟ್‌ಫಾರ್ಮಿನಲ್ಲಿ ನನ್ನ ಭಾಷೆ ಆಡುವ ಒಂದೇ ಜೀವ ಅದು. ನನಗಿಂತ ಏಳೆಂಟು ವರ್ಷ ದೊಡ್ಡವರು, ನಾನು ಅಣ್ಣ ಅನ್ನುತ್ತಿದ್ದೆ. ಏಪ್ರನ್ನಿನ ಮೇಲೆ ಜಾಕೆಟ್ ತೊಟ್ಟು, ಕೈಯಲ್ಲಿ ಸೌಟು ಹಿಡಿದೇ ಬಂದಿದ್ದರು.

"ಸೌಟ್ಯಾಕಣ್ಣ?" ಎಂದೆ.

"ಸಾರು ಕುದೀತಾ ಇತ್ತು ಕಣ್ಲಾ. ಒಲೆ ಆರ್ಸಿ ಓಡ್ ಬಂದೆ. ಇದು ಕೈಯಾಗೇ ಉಳ್ಕತ್ತು."

ಬಾಗಿಲು ಹಾಕಿಸಿ ಎಂಜಿನ್ ಚಾಲೂ ಮಾಡಿ ಅಪ್ಪಣೆಗಾಗಿ ಕಾಯುತ್ತ ಕೂತೆ. ಇಂಥ ಹೊತ್ತಿನಲ್ಲಿ ಮುಖ್ಯಸ್ಥರು ಧ್ವನಿವರ್ಧಕದಲ್ಲಿ ಹೇಳುತ್ತಾರೆ. ಇಳಿಸು ಎಂದರೆ ಇಳಿಸಬೇಕು. ಇಲ್ಲವಾದರೆ ಸುಮ್ಮನೆ ಕೂತಿರಬೇಕು. ಆ ಭೋರ್ಗರೆತದ ನಡುವೆ ಧ್ವನಿವರ್ಧಕ ಎರಡು ಸಲ ಗೊರಗೊರ ಎಂದಿತು. ನನಗೆ ಕೇಳಿಸಿದ್ದು ಇಷ್ಟೇ: "ಬೋಟ್ ಟೂ... ಗೋ!"

ವಾಕಿಟಾಕಿಯಲ್ಲಿ ಕರೆದೆ. ಬರೀ ಸರಸರ ಸದ್ದು. ಇನ್ನೊಮ್ಮೆ ಕರೆದೆ. ಅದೇ ಸರಸರ.

ಕೆಳಗೆ ಬಗ್ಗಿ, "ಏನಂದರು? ಯಾರಿಗಾದರೂ ಕೇಳಿಸಿತಾ?" ಎಂದು ಹಿಂದಿಯಲ್ಲಿ ಕೇಳಿದೆ. ಒಬ್ಬ 'ಗೋ' ಎಂದ. ಇನ್ನೊಬ್ಬ 'ಹಲೋ' ಎಂದ. ಮೂರನೆಯವನು ತನ್ನ ಹೆಸರನ್ನೇ ಕರೆದರು ಎಂದ. ತಪಾಸಣೆ ಸಾಹೇಬರು ರಟ್ಟಿನ ಹಲಗೆಯ ಹಿಂದಿನಿಂದ, "ಸಂಪರ್ಕ ತಪ್ಪಿದರೆ ನಿರ್ಧಾರ ಕಮಾಂಡರನದು. ನಿಯಮಾವಳಿಯಲ್ಲಿದೆ" ಎಂದರು. ಅದು ನನಗೂ ಗೊತ್ತಿತ್ತು. ಆ ಸಾಲನ್ನು ಬೇರೆ ಯಾರಿಗೋ ಬರೆದದ್ದು ಎಂದುಕೊಂಡು ಓದಿದ್ದೆ, ಅಷ್ಟೆ.

"ಅಣ್ಣ, ನಿಂಗೇನ್ ಕೇಳುಸ್ತು?"

"ಗೋ ಅಂದ್ರು ಕಣ್ಲಾ ತಮ್ಮ. ಕಿವ್ಯಾರೆ ಕೇಳಿವ್ನಿ."

"ದಿಟ್ವಾಗ್ಲೂ?"

"ನಮ್ಮ ಪಂಚಲಿಂಗೇಶ್ವರನ ಆಣೆಗೂ. ಐದು ಲಿಂಗದ್ ಮ್ಯಾಲೂ ಆಣೆ."

ಐದು ಲಿಂಗ ಒಂದು ಕಡೆ ಇದ್ದ ಮೇಲೆ ನಾನು ಇನ್ನೇನು ಯೋಚಿಸಲಿ? ಅನುಮಾನ ಮನಸ್ಸಿನ ತುಂಬ ಇತ್ತು. ದನಿಯಲ್ಲಿ ಇರಬಾರದು ಎಂದು ಹೊಟ್ಟೆಯಿಂದ ಉಸಿರೆಳೆದು ಕೂಗಿದೆ. ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದು ಇಂಗ್ಲಿಷಿನಲ್ಲಿ. ಬಾಯಿಗೆ ಬಂದದ್ದು ಅವ್ವನ ಭಾಷೆ.

"ಎಲ್ರೂ ಬೆಲ್ಟ್ ಬಿಗೀರಿ! ತಲೆ ಇಂದುಕ್ ಒರಗ್ಸ್ರಿ! ಅಲ್ಲಾಡುದ್ರೆ ನೋಡಿ ಮತ್ತೆ!"

ಒಡಿಶಾದವರು, ಪಂಜಾಬಿನವರು, ಕೇರಳದವರು, ಎಲ್ಲರೂ ಇಪ್ಪತ್ತು ವರ್ಷ ಮಂಡ್ಯದಲ್ಲಿ ಬಾಳಿದವರಂತೆ ತಲೆ ಹಿಂದಕ್ಕೆ ಒರಗಿಸಿದರು. ತಂತಿ ಎಳೆದೆ.

ಬೋಟು ಇಳಿಯುವುದು ಲಿಫ್ಟಿನ ಹಾಗಿರುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಹಾಗಿರಲಿಲ್ಲ. ಬಾವಿಗೆ ಬಿಟ್ಟ ಕೊಡದ ಹಾಗಿತ್ತು. ನೀರು ಮುಟ್ಟಿದ ಹೊಡೆತಕ್ಕೆ ನನ್ನ ಹಲ್ಲುಗಳು ಒಂದಕ್ಕೊಂದು ತಾಗಿ ನಾಲಿಗೆ ಕಚ್ಚಿಕೊಂಡೆ. ಹಿಡಿಕೆ ಎತ್ತಿದೆ, ಕೊಕ್ಕೆಗಳು ಕಳಚಿದವು, ಎಂಜಿನ್ ಪೂರ್ತಿ ಜೋರು ಮಾಡಿ ಗಾಳಿಗೆದುರಾಗಿ ದೂರ ಹೊರಟೆ. ಎಲ್ಲವೂ ಪುಸ್ತಕದಲ್ಲಿದ್ದ ಹಾಗೇ ಆಯಿತು. ಕೆಳಗೆ ಚಪ್ಪಾಳೆ. ಯಾರೋ ನನ್ನ ಎಡಪಾದ ಮುಟ್ಟಿ ನಮಸ್ಕಾರ ಮಾಡಿದರು. ಈಜು ಬಾರದ ಫಿಟ್ಟರ್ ಒಬ್ಬ ಇಪ್ಪತ್ತೆಂಟು ಜೀವಗಳನ್ನು ಸಾವಿನ ಬಾಯಿಂದ ಎಳೆದು ತಂದಿದ್ದ. ಜೀವಮಾನದಲ್ಲಿ ಅಷ್ಟು ಹೆಮ್ಮೆ ನನಗೆ ಆಗಿದ್ದಿಲ್ಲ. ಹತ್ತು ನಿಮಿಷ ಇತ್ತು ಅದು.

ಹತ್ತು ನಿಮಿಷಕ್ಕೆ ಗ್ಯಾಸಿನ ಸದ್ದು ನಿಂತಿತು. ರೇಡಿಯೋ ಸ್ಪಷ್ಟವಾಯಿತು. ಮುಖ್ಯಸ್ಥರ ದನಿ:

"ಬೋಟ್ ಟೂ, ನೀವು ಎಲ್ಲಿದ್ದೀರಿ?"

"ಕಡಲಿನಲ್ಲಿ ಸಾರ್."

"ಯಾಕೆ?"

"ನೀವು ಗೋ ಅಂದಿರಿ ಸಾರ್."

"ನೋ ಗೋ ಅಂದೆ. ಬೋಟ್ ಟೂ, ನೋ ಗೋ. ಎರಡು ಸಲ ಅಂದೆ."

ಹೀಗೂ ಯಾರಾದರೂ ಅಪ್ಪಣೆ ಕೊಡುತ್ತಾರೆಯೇ ಎಂದು ನಾನು ಕೇಳಲಿಲ್ಲ. ಸೋರಿದ್ದು ಒಂದು ವಾಲ್ವಿನಿಂದ, ಅದನ್ನು ಮುಚ್ಚಿ ಆಯಿತು, ಅಪಾಯ ಏನೂ ಇಲ್ಲ, ಒಂದನೇ, ಮೂರನೇ ಬೋಟಿನವರು ಕೂತಲ್ಲಿಂದ ಎದ್ದು ಒಳಗೆ ಹೋಗಿ ಟೀ ಕುಡಿಯುತ್ತಿದ್ದಾರೆ ಎಂದು ಅವರು ವಿವರಿಸಿದರು. ಆಮೇಲೆ ಬೀದಿಗೆ ಹೋದ ಮಕ್ಕಳನ್ನು ಕರೆಯುವ ಹಾಗೆ, "ಸರಿ, ವಾಪಸ್ ಬನ್ನಿ" ಎಂದರು.

ವಾಪಸ್ ಹೋಗುವುದು ಆಗದ ಮಾತು ಎಂದು ಅವರಿಗೂ ಕ್ಷಣದಲ್ಲೇ ನೆನಪಾಗಿರಬೇಕು. ಮುಂಗಾರು ಕಾಲಿಡುತ್ತಿದ್ದ ದಿನಗಳು. ಅಲೆ ಬೋಟನ್ನು ಒಂದಾಳು ಮೇಲೆ, ಒಂದಾಳು ಕೆಳಗೆ ಆಡಿಸುತ್ತಿತ್ತು. ಕಬ್ಬಿಣದ ಕೊಕ್ಕೆಗಳು ಹಗ್ಗದ ತುದಿಯಲ್ಲಿ ಗಾಳಿಗೆ ತೂಗಾಡುತ್ತಿದ್ದವು. ಅದರ ಹತ್ತಿರ ಹೋದರೆ ನನ್ನ ಗಾಜಿನ ಗೂಡು, ಅದರೊಳಗಿನ ತಲೆ ಎರಡೂ ಉಳಿಯುತ್ತಿರಲಿಲ್ಲ. ಕಾವಲು ಹಡಗು ಬಂದು ನಮ್ಮನ್ನು ಹತ್ತಿಸಿಕೊಳ್ಳಬೇಕು. ಅದು ಅವತ್ತೇ ಬೇರೊಂದು ಪ್ಲಾಟ್‌ಫಾರ್ಮಿಗೆ ಸಾಮಾನು ಇಳಿಸಲು ಹೋಗಿತ್ತು. ಬರಲು ಐದು ಗಂಟೆಯಾದರೂ ಬೇಕು.

ವಿಷಯವನ್ನು ಕೆಳಗಿನವರಿಗೆ ಹೇಳಿದೆ. ಐವತ್ತಾರು ಕಣ್ಣುಗಳಲ್ಲಿ ನನ್ನವೆರಡನ್ನು ಬಿಟ್ಟು ಮಿಕ್ಕವೆಲ್ಲ ನನ್ನ ಪಾದಗಳನ್ನೇ ನೋಡುತ್ತಿದ್ದವು ಎಂದು ಮೇಲಿದ್ದ ನನಗೆ ಗೊತ್ತಾಗುತ್ತಿತ್ತು. ಪಾದಗಳನ್ನು ಎಲ್ಲಿ ಅಡಗಿಸಲಿ ಎಂದು ತಿಳಿಯಲಿಲ್ಲ. ಒಬ್ಬ ವೆಲ್ಡರ್, "ನನ್ನನ್ನು ಇಲ್ಲೇ ಇಳಿಸಿಬಿಡಿ" ಎಂದ. ಎಲ್ಲಿ ಎಂದು ಕೇಳಿದ್ದಕ್ಕೆ ಬೆಲ್ಟನ್ನು ಇನ್ನಷ್ಟು ಬಿಗಿದುಕೊಂಡ. ಆಮೇಲೆ ಒಬ್ಬನಿಗೆ ವಾಂತಿ ಶುರುವಾಯಿತು. ಅವನನ್ನು ನೋಡಿ ಪಕ್ಕದವನಿಗೆ, ಅವನನ್ನು ನೋಡಿ ಎದುರಿನವನಿಗೆ. ಮುಚ್ಚಿದ ಡಬ್ಬಿ, ಎಂಜಿನ್ನಿನ ಬಿಸಿ, ಇಪ್ಪತ್ತೆಂಟು ಜನರ ಬೆವರು. ಬಾಗಿಲು ಸ್ವಲ್ಪ ತೆರೆಯೋಣ ಎಂದರೆ ಅಲೆ ಒಳಕ್ಕೇ ಬಂದು ಎಲ್ಲರನ್ನೂ ತೊಳೆದು ಹೋಯಿತು. ಮತ್ತೆ ಮುಚ್ಚಿದೆವು.

ತಪಾಸಣೆ ಸಾಹೇಬರು ಮಾತ್ರ ಬರೆಯುತ್ತಲೇ ಇದ್ದರು. ವಾಂತಿಯ ಚೀಲ ಎಡಗೈಯಲ್ಲಿ, ಪೆನ್ನು ಬಲಗೈಯಲ್ಲಿ. ಒಮ್ಮೆ ಚೀಲ ಇಳಿಸಿ ನನ್ನ ಮಂಡಿ ತಟ್ಟಿದರು.

"ಕಮಾಂಡರಿಗೆ ಈಜು ಬರುತ್ತದೆಯೇ?"

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಜಾಕೆಟ್ ಇದ್ದರೆ ತೇಲ್ತೀನಿ ಸಾರ್. ಈಜು ಬರಲ್ಲ."

ಪೆನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಏನೂ ಬರೆಯಲಿಲ್ಲ. "ನನಗೂ ಬರುವುದಿಲ್ಲ" ಎಂದು ಮೆಲ್ಲಗೆ ಹೇಳಿ ಚೀಲವನ್ನು ಮತ್ತೆ ಬಾಯಿಗೆ ಹಿಡಿದರು.

ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಎರಡೆರಡು ಬಿಸ್ಕತ್ತು ಹಂಚಿಸಿದೆ. ಸುಣ್ಣದ ಗಾರೆಯ ರುಚಿ ಅದಕ್ಕೆ. ಆಗಲೇ ರೇಡಿಯೋದಲ್ಲಿ ಮುಖ್ಯಸ್ಥರು ನಮಗೆ ಧೈರ್ಯ ತುಂಬಲು, "ಚಿಂತೆ ಬೇಡ. ಇಲ್ಲಿ ಎಲ್ಲ ಮಾಮೂಲಾಗಿದೆ. ಈಗ ಊಟಕ್ಕೆ ಕೂರುತ್ತಿದ್ದೇವೆ" ಎಂದರು.

ಅದನ್ನು ಕೇಳಿದ ಅಡುಗೆಯವರು ಬೆಲ್ಟು ಕಳಚಿ ಎದ್ದು ನಿಂತುಬಿಟ್ಟರು. "ಯಾವ್ ಊಟ? ನನ್ ಸಾರಾ?"

"ಅದೇ ಇರ್ಬೇಕು ಕಣಣ್ಣ. ಕೂತ್ಕೊ."

"ಲೇ, ಅದುಕ್ ಉಪ್ಪೇ ಆಕಿಲ್ಲ ಕಣ್ಲಾ! ಅಂಗೇ ಬುಟ್ಟು ಬಂದಿವ್ನಿ. ಯೋಳು ಅವ್ರುಗೆ!"

"ಅಣ್ಣ, ಇದು ಆಪತ್ತಿನ ರೇಡಿಯೋ. ಅಂಗೆಲ್ಲ ಮಾತಾಡಂಗಿಲ್ಲ."

"ಉಪ್ಪಿಲ್ದಿರ ಸಾರ್ ತಿನ್ನೋದು ಆಪತ್ತಲ್ವಾ? ನಾಳೆ ಎಲ್ರೂ ಯಾರ್ನ ಬಯ್ಯೋದು, ನಿನ್ನಾ, ನನ್ನಾ?"

ಅವರ ಕಣ್ಣಲ್ಲಿ ನೀರಿತ್ತು. ವಾಂತಿಯಿಂದ ಬಂದದ್ದೋ ಉಪ್ಪಿನ ಸಂಕಟಕ್ಕೆ ಬಂದದ್ದೋ ನಾನರಿಯೆ. ನಾನು ಬಟನ್ ಒತ್ತಿದೆ. "ಬೋಟ್ ಟೂ ಮಾತಾಡ್ತಿರೋದು. ಸಾಂಬಾರಿಗೆ ಉಪ್ಪು ಹಾಕಿಲ್ಲ. ದಯವಿಟ್ಟು ಉಪ್ಪು ಹಾಕಿಕೊಳ್ಳಿ."

ತುಸು ಹೊತ್ತಾದ ಮೇಲೆ ಉತ್ತರ ಬಂತು: "ಸಂದೇಶ ತಲುಪಿತು. ಉಪ್ಪು ಹಾಕಲಾಗಿದೆ."

ಅಡುಗೆಯವರು ನಿಟ್ಟುಸಿರು ಬಿಟ್ಟು ಕೂತು ಬೆಲ್ಟು ಹಾಕಿಕೊಂಡರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಗೂಡಿನ ಗಾಜಿನಿಂದ ನನಗೆ ಪ್ಲಾಟ್‌ಫಾರ್ಮು ಚೆನ್ನಾಗಿ ಕಾಣುತ್ತಿತ್ತು. ಬೋಟು ಅಲೆಯ ನೆತ್ತಿಗೆ ಬಂದಾಗಲೆಲ್ಲ ಅದು ಎದುರಿಗೆ ಬರುತ್ತಿತ್ತು. ಗಟ್ಟಿಯಾಗಿ, ಹಳದಿ ಬಣ್ಣದಲ್ಲಿ, ಏನೂ ಆಗದೆ ನಿಂತಿರುತ್ತಿತ್ತು. ಕಟಕಟೆಗೆ ಒರಗಿ ಕೆಲವರು ನಮ್ಮನ್ನು ನೋಡುತ್ತಿದ್ದರು. ಒಬ್ಬ ಕೈಬೀಸಿದ. ಪ್ರತಿ ಸಲ ಅಲೆಯ ಮೇಲೆ ಬಂದಾಗಲೂ ನಾನು ಏನನ್ನೋ ಹುಡುಕುತ್ತಿದ್ದೇನೆ ಎಂದು ನನಗೇ ಅನ್ನಿಸತೊಡಗಿತು. ಏನನ್ನು ಎಂದು ಅಡುಗೆಯವರು ಬಾಯಿಬಿಟ್ಟು ಹೇಳಿದರು. ಅವರ ಪಕ್ಕದಲ್ಲಿ ಅಂಗೈಯಗಲದ ಒಂದು ಕಿಟಕಿ ಇತ್ತು. ಅದಕ್ಕೆ ಮುಖ ಒತ್ತಿಕೊಂಡಿದ್ದರು.

"ಒಂಚೂರು ಒಗೆನಾದ್ರೂ ಕಾಣ್ಬಾರ್ದಾ ತಮ್ಮ?"

ಅಲ್ಲಿ ನಮ್ಮಂಥವರೇ ನಲವತ್ತು ಮಂದಿ ಇದ್ದರು. ನನ್ನ ಜೊತೆ ಒಂದೇ ಕೋಣೆಯಲ್ಲಿ ಮಲಗುವವನು ಅಲ್ಲಿದ್ದ. ಆದರೂ ನನಗೆ ಒಂದು ಸಣ್ಣ ಬೆಂಕಿ ಬೇಕಾಗಿತ್ತು. ಯಾರಿಗೂ ಏನೂ ಆಗಬಾರದು, ಒಂದು ಮೂಲೆಯಲ್ಲಿ ಎದ್ದು ಆರಿಹೋಗಬೇಕು, ಇಷ್ಟು ದೂರಕ್ಕೆ ಕಂಡರೆ ಸಾಕು. ನಾನು ಮಾಡಿದ್ದು ಸರಿ ಎಂದು ಹೇಳುವಷ್ಟು. ಹೀಗೆ ಬಯಸುತ್ತಿದ್ದೇನೆ ಎಂದು ತಿಳಿದಾಗ ಆ ಕಡೆಯಿಂದ ಮುಖ ತಿರುಗಿಸಿ ದಿಕ್ಸೂಚಿಯನ್ನೇ ನೋಡುತ್ತ ಕೂತೆ.

ಹಡಗು ಬಂದಾಗ ಮೂರು ಗಂಟೆ ದಾಟಿತ್ತು. ಅಲೆ ತುಸು ತಗ್ಗಿತ್ತು. ಅವರು ಒಂದು ರಬ್ಬರ್ ದೋಣಿ ಕಳಿಸಿ ಆರಾರು ಜನರನ್ನು ಸಾಗಿಸಿದರು. ತಪಾಸಣೆ ಸಾಹೇಬರು ಬಾಗಿಲಲ್ಲಿ ಸಿಕ್ಕಿಕೊಂಡರು. ಮನುಷ್ಯನೂ ದಪ್ಪ, ಜಾಕೆಟ್ಟೂ ದಪ್ಪ. ಹೊರಗಿನಿಂದ ಇಬ್ಬರು ಎಳೆದರು, ಒಳಗಿನಿಂದ ನಾನು ಮತ್ತು ಅಡುಗೆಯವರು ಹೆಗಲು ಕೊಟ್ಟೆವು. "ಬಾಗಿಲಿನ ಅಗಲ ಅಳೆಯಬೇಕಿತ್ತು" ಎಂದು ಸಾಹೇಬರು ಹೊರಗಿನಿಂದ ಗೊಣಗುವುದು ಕೇಳುತ್ತಿತ್ತು. ಒಂದು ಅಲೆ ಕೆಳಗಿನಿಂದ ಒದ್ದಿತು ನೋಡಿ, ಚಿಮ್ಮಿ ಹೋಗಿ ರಬ್ಬರ್ ದೋಣಿಯಲ್ಲಿ ಬಿದ್ದರು. ಹಲಗೆ ಎದೆಯ ಮೇಲೇ ಇತ್ತು.

ಅಡುಗೆಯವರು ನನಗಿಂತ ಮೊದಲು ಇಳಿಯಲು ಒಪ್ಪಲಿಲ್ಲ. "ಬಡ್ಸೋನು ಕಡೇಲಿ ಕಣ್ಲಾ ಎದ್ದೇಳೋದು. ಮೊದ್ಲು ನೀನ್ ಓಗು." ಕಮಾಂಡರ್ ಕೊನೆಯವನಾಗಿ ಇಳಿಯಬೇಕೆಂದು ನಿಯಮವಿದೆ ಎಂದು ನಾನು ವಾದಿಸಿದೆ. ರಬ್ಬರ್ ದೋಣಿಯವನು ಬೈದ ಮೇಲೆ ಇಬ್ಬರೂ ಒಟ್ಟಿಗೇ ಇಳಿದೆವು.

ಹಡಗಿನಿಂದ ಹೆಂಡತಿಗೆ, ಅವ್ವನಿಗೆ ಫೋನು ಮಾಡುವಷ್ಟರಲ್ಲಿ ಟಿ.ವಿ.ಯಲ್ಲಿ ಕೆಳಗಡೆ ಓಡುವ ಅಕ್ಷರಗಳಲ್ಲಿ 'ಕಡಲಿನಲ್ಲಿ ಇಪ್ಪತ್ತೆಂಟು ಮಂದಿ ಕಾಣೆ' ಎಂದು ಬಂದುಬಿಟ್ಟಿತ್ತಂತೆ. ಶ್ರೀರಂಗಪಟ್ಟಣದಲ್ಲಿ ಅವ್ವ ಫೋನು ಎತ್ತಿಕೊಂಡಳು. ನಾನು ನಡೆದದ್ದನ್ನೆಲ್ಲ ಚುಟುಕಾಗಿ ಹೇಳಿದೆ. ಬೋಟು ನಡೆಸಿದವನು ನಾನೇ ಎಂದೂ ಹೇಳಿದೆ.

"ಫಿಟ್ಟರ್ ಕೆಲ್ಸ ಅಂದಿದ್ದೆ. ಡ್ರೈವರ್ ಕೆಲ್ಸುಕ್ ಯಾವಾಗ್ಲಾ ಸೇರ್ಕಂಡೆ?"

"ಅಂಗಲ್ಲ ಕಣವ್ವ..."

"ನೀರ್ತಾವ ಓಗ್ಬ್ಯಾಡ ಅಂತ ಯೋಳಿರ್ನಿಲ್ವಾ ನಾನು?" ಎಂದು ಫೋನು ಇಟ್ಟಳು.

ವಾರ ಕಳೆದು ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಬಂದಾಗ ಮಾವನವರು ಜಗಲಿಯಲ್ಲಿ ಕೂತಿದ್ದರು. ನಾಗಮಂಗಲದಲ್ಲಿ ಚಿನ್ನದ ಕೆಲಸ ಮಾಡುವವರು. ಟಿ.ವಿ. ನೋಡಿ ಅವತ್ತೇ ಬಸ್ಸು ಹತ್ತಿದ್ದರು. ಅರ್ಧ ದಾರಿಯಲ್ಲಿ ನಾನು ಬದುಕಿರುವ ಸುದ್ದಿ ಮುಟ್ಟಿತಂತೆ. ಹೊರಟಾಗಿದೆಯಲ್ಲ ಎಂದು ಬಂದೇಬಿಟ್ಟರು, ಬಂದವರು ಉಳಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅದುಕ್ಕೆ ಗೇರ್ ಇರ್ತದಾ ಅಳಿಯಂದ್ರೆ?" ಎಂದು ಕೇಳಿದರು. ಮುಂದಕ್ಕೊಂದು, ಹಿಂದಕ್ಕೊಂದು ಇರುತ್ತದೆ ಎಂದೆ. "ಅಷ್ಟೇಯಾ?" ಎಂದು ಅವರಿಗೆ ನಿರಾಸೆಯಾಯಿತು.

ಹೆಂಡತಿ ಅವತ್ತಿನ ಕತೆ ಹೇಳಿದ್ದು ಮಧ್ಯಾಹ್ನ, ಮಾವನವರು ಒಳಗೆ ಒರಗಿದ ಮೇಲೆ. ಸುದ್ದಿ ಶಾಲೆಗೆ ಮುಟ್ಟಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲ ಮೇಡಂಗಳೂ ಅತ್ತರಂತೆ. ಎಷ್ಟೋ ವರ್ಷದಿಂದ ಅವಳೊಡನೆ ಮಾತು ಬಿಟ್ಟಿದ್ದ ಹಿಂದಿ ಮೇಡಂ ಬಂದು ತಬ್ಬಿಕೊಂಡು ಕ್ಷಮೆ ಕೇಳಿದರಂತೆ. ಹೆಡ್ ಮೇಡಂ ಹತ್ತು ದಿನ ರಜೆ ಬರೆದುಕೊಟ್ಟು ಆಟೋ ಹತ್ತಿಸಿದರಂತೆ. ಆಟೋ ಶಾಲೆಯ ಗೇಟು ದಾಟುವ ಮುಂಚೆಯೇ ನನ್ನ ಫೋನು ಬಂದಿತ್ತು.

"ಆಟೋ ಇಳ್ದು ವಾಪಸ್ ಒಳಕ್ಕೆ ಓಗ್ಬೇಕಾಯ್ತು" ಎಂದಳು. "ಎಲ್ರೂ ಕಣ್ಣೊರೆಸ್ಕೋತಾ ಕೂತಿದ್ರು. ಏನಂತ ಯೋಳ್ಲಿ? ಏನೂ ಆಗಿಲ್ವಂತೆ ಅಂದೆ. ಇಂದಿ ಮೇಡಂ ಮುಖ ನೋಡ್ಬೇಕಿತ್ತು ನೀವು." ಸೆರಗಿನ ಅಂಚು ನೋಡುತ್ತ, "ತಪ್ಪು ತಿಳ್ಕೋಬ್ಯಾಡ್ರಿ. ಇನ್ನೊಂದ್ ಗಂಟೆ ಬುಟ್ಟು ಫೋನ್ ಮಾಡ್ಬಾರ್ದಾಗಿತ್ತಾ ಅನ್ನುಸ್ತು ನಂಗೆ" ಎಂದಳು.

ಆಗ ನಾನು ಸಣ್ಣ ಬೆಂಕಿಯ ವಿಷಯ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗಲು ಶುರು ಮಾಡಿದಳು. ನನಗೂ ತಡೆಯಲಾಗಲಿಲ್ಲ. ಮಾವನವರು ಎದ್ದು ಬಂದು ಏನಾಯಿತೆಂದು ಕೇಳಿದರು. ಇಬ್ಬರಿಗೂ ಹೇಳಲಾಗಲಿಲ್ಲ.

ವಿಚಾರಣೆ ಮುಂಬಯಿಯ ಕಚೇರಿಯಲ್ಲಿ ನಡೆಯಿತು. ಧ್ವನಿವರ್ಧಕದ ಧ್ವನಿಮುದ್ರಣವನ್ನು ಮೂವರು ಅಧಿಕಾರಿಗಳು ಕಣ್ಣು ಮುಚ್ಚಿ ಮತ್ತೆ ಮತ್ತೆ ಕೇಳಿದರು. ಭೋರ್ಗರೆತ, ಅದರ ನಡುವೆ ಒಂದು ಗೊರಗೊರ. ಒಬ್ಬರಿಗೆ 'ಗೋ' ಕೇಳಿಸಿತು, ಒಬ್ಬರಿಗೆ 'ನೋ ಗೋ', ಹಿರಿಯರಿಗೆ ಏನೂ ಕೇಳಿಸಲಿಲ್ಲ. ತಪಾಸಣೆ ಸಾಹೇಬರ ವರದಿಯನ್ನೂ ಓದಿದರು. 'ಎರಡನೇ ಬೋಟು ಕೆಲಸ ಮಾಡುತ್ತದೆ ಎಂಬುದನ್ನು ಖುದ್ದಾಗಿ ಪರಿಶೀಲಿಸಲಾಯಿತು' ಎಂದು ಅದರಲ್ಲಿತ್ತು. ತಿಂಗಳಾದ ಮೇಲೆ ನನಗೆ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಅಪ್ಪಣೆಯಿಲ್ಲದೆ ಬೋಟು ಇಳಿಸಿದ್ದಕ್ಕೆ ಎಚ್ಚರಿಕೆಯ ಮೆಮೋ ಒಂದು. ಯಾರಿಗೂ ಗಾಯವಾಗದಂತೆ ತ್ವರಿತವಾಗಿ ಬೋಟು ಇಳಿಸಿದ್ದಕ್ಕೆ ಪ್ರಶಂಸಾಪತ್ರ ಇನ್ನೊಂದು. ಎರಡರಲ್ಲೂ ಒಂದೇ ತಾರೀಖು, ಒಂದೇ ಸಹಿ.

ಬೋಟನ್ನು ಹಡಗು ಎಳೆದುಕೊಂಡು ಬಂದರಿಗೆ ಹೋಗಿತ್ತು. ರಿಪೇರಿಯಾಗಿ ಬರಲು ಮಳೆಗಾಲ ಕಳೆಯಬೇಕು ಎಂದರು. ಅಲ್ಲಿಯವರೆಗೆ ನಮ್ಮನ್ನು ಅರ್ಧ ಅರ್ಧ ಮಾಡಿ ಬೇರೆ ಬೋಟುಗಳಿಗೆ ಹಂಚಿದರು. ಆದರೆ ಭಾನುವಾರದ ಅಭ್ಯಾಸದ ರಿಜಿಸ್ಟರಿನಲ್ಲಿ ಎರಡನೇ ಬೋಟಿನ ಪುಟ ಹಾಗೇ ಇತ್ತು. ಅದನ್ನು ಖಾಲಿ ಬಿಡುವ ಹಾಗಿರಲಿಲ್ಲ.

ಹಾಗಾಗಿ ಆ ಮಳೆಗಾಲ ನಾನು ಅಲ್ಲಿದ್ದ ಭಾನುವಾರಗಳಲ್ಲೆಲ್ಲ ಸೈರನ್ ಹೊಡೆದ ಕೂಡಲೇ ನಾವು ಜಾಕೆಟ್ ತೊಟ್ಟು ಬೋಟು ಇರುತ್ತಿದ್ದ ಅಂಚಿಗೆ ಹೋಗಿ ನಿಲ್ಲುತ್ತಿದ್ದೆವು. ಎದುರಿಗೆ ಎರಡು ಹಗ್ಗ, ಎರಡು ಕೊಕ್ಕೆ, ನಡುವೆ ಬಯಲು, ಕೆಳಗೆ ಮಳೆ ಬೀಳುತ್ತಿದ್ದ ಕಡಲು. ಮುಖ್ಯಸ್ಥರು ಛತ್ರಿ ಹಿಡಿದು ಗಡಿಯಾರ ನೋಡುತ್ತಿದ್ದರು. "ಹೂಂ, ಜನರನ್ನು ಹತ್ತಿಸು" ಎಂದರೆ ನಾನು ಒಬ್ಬೊಬ್ಬರ ಹೆಸರು ಕೂಗುತ್ತಿದ್ದೆ. ಹೆಸರು ಕರೆಸಿಕೊಂಡವರು ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತಿದ್ದರು.

"ಬೆಲ್ಟ್ ಹಾಕಿಸಿದೆಯಾ?" ಎಂದು ಮುಖ್ಯಸ್ಥರು ಕೇಳುತ್ತಿದ್ದರು.

"ಹಾಕಿಸಿದೆ ಸಾರ್."

ಅವರು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾವು ಇಪ್ಪತ್ತೇಳು ಜನ ಮಳೆಯಲ್ಲಿ ಸಾಲಾಗಿ ನಿಂತು, ಇಳಿಯಿರಿ ಎಂದು ಅವರು ಹೇಳುವುದನ್ನು ಕಾಯುತ್ತಿದ್ದೆವು.